ಸೂತಕದ ಬಾಗಿಲಿಗೆ ಕೆಂಪು ಕಾಗದ

೨೦೧೪ರ ಸೆಪ್ಟೆಂಬರ್ ೧೦, ಬುಧವಾರ. ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ.

ಒಂದು ಬಾಗಿಲು ನನ್ನ ಮುಂದೆ ಓಡುತ್ತಿತ್ತು!

ಹೌದು, ಬಾಗಿಲೇ. ಆಳೆತ್ತರ ಮೀರಿದ ಹಳೆಯ ಮರದ ಬಾಗಿಲು. ಮೂರು ಚಕ್ರದ ಬ್ಯಾಟರಿ ಗಾಡಿಗೆ ಓರೆಯಾಗಿ ಒರಗಿಸಿ ಹಗ್ಗ ಬಿಗಿದಿತ್ತು. ಗಾಡಿ ಮೆಕ್ಕೆಜೋಳದ ಹೊಲಗಳ ನಡುವಿನ ದಾರಿಯಲ್ಲಿ ಕುಣಿಯುತ್ತ ಹೆದ್ದಾರಿಯ ಕಡೆಗೆ ಓಡುತ್ತಿತ್ತು. ಓಡಿಸುತ್ತಿದ್ದವರು ಅರವತ್ತಮೂರು ವರ್ಷದ ಹೆಂಗಸು.

ಹಿಂದೆ ನಾವು. ಕಪ್ಪು ಕಾರು, ನಂಬರ್ ಪ್ಲೇಟ್ ಇಲ್ಲ.

"ಗೆಂಗಣ್ಣ, ಗುದ್ದಿಬಿಡ್ಲಾ?" ಸ್ಟಿಯರಿಂಗ್ ಹಿಡಿದಿದ್ದ ದಾಯ್ ಕೇಳಿದ. ತೂಕದ ಆಸಾಮಿ. ಬಾಯಲ್ಲಿ ಯಾವಾಗಲೂ ಸೂರ್ಯಕಾಂತಿ ಬೀಜ.

"ಗುದ್ದಿದ್ರೆ ನಿನ್ನ ಹಲ್ಲು ಉದುರಿಸ್ತೀನಿ. ಅವರು ನಂಗೆ ಫಿಸಿಕ್ಸ್ ಹೇಳ್ಕೊಟ್ಟ ಟೀಚರ್."

"ಹಂಗಾದ್ರೆ ಮೊದಲು ನಮಸ್ಕಾರ ಮಾಡಿ ಆಮೇಲೆ ಗುದ್ದೋಣ."

ನಗಲು ಸಮಯವಿರಲಿಲ್ಲ. ಮುಂದಿನ ತಿರುವು ದಾಟಿದರೆ ಹೆದ್ದಾರಿ. ಪ್ರಾಂತದ ತಪಾಸಣಾ ತಂಡದ ಕಾರುಗಳು ಆ ದಿನ ಬರುವುದು ಅದೇ ಹೆದ್ದಾರಿಯಲ್ಲಿ. ಯಾವ ಹೊತ್ತಿಗೆ ಬರುತ್ತಾರೆಂದು ನಮಗೂ ಹೇಳಿರಲಿಲ್ಲ. ರಸ್ತೆ ಬದಿಯಲ್ಲಿ ಶಾಂಗ್ ಟೀಚರ್ ಆ ಬಾಗಿಲನ್ನು ನಿಲ್ಲಿಸಿಕೊಂಡು ನಿಂತರೆ... ನಾನು ಮುಗಿದೆ. ನನ್ನ ಮೇಲಿನ ಪಾನ್ ಸಾಹೇಬರು ಮುಗಿದರು. ಅವರ ಮೇಲಿನವರೂ.

"ನಿಲ್ಸು! ನಾನು ಅಡ್ಡ ಹೋಗ್ತೀನಿ."

ಕಾರಿನಿಂದ ಹಾರಿದೆ. ಜೋಳದ ಹೊಲಕ್ಕೆ ನುಗ್ಗಿದೆ. ಎಲೆಗಳು ಮುಖಕ್ಕೆ ಬ್ಲೇಡಿನಂತೆ ಗೀರಿದವು. ಆಚೆ ಬದಿಯಲ್ಲಿ ಹೊರಬಿದ್ದಾಗ ಗಾಡಿ ನೇರ ನನ್ನೆದೆಯ ಮೇಲೇ ಬರುತ್ತಿತ್ತು!

ಟೀಚರ್ ಬ್ರೇಕ್ ಒತ್ತಿದರು. ಗಾಡಿ ಜಾರಿತು. ಹಗ್ಗ ಕಿತ್ತುಹೋಯಿತು. ಬಾಗಿಲು ಹಾರಿ ಹೆದ್ದಾರಿಯ ಅಂಚಿಗೆ ಬಿತ್ತು.

ಅದೇ ಹೊತ್ತಿಗೆ ಕಲ್ಲಿದ್ದಲಿನ ಲಾರಿಯೊಂದು!

ಯಾರೇ ಆದರೂ ಹಿಂದಕ್ಕೆ ಓಡುತ್ತಾರೆ. ಟೀಚರ್ ಬಾಗಿಲಿನ ಕಡೆಗೆ ಓಡಿದರು. ನಾನು ಅವರ ಕಾಲರ್ ಹಿಡಿದು ಎಳೆದೆ. ಇಬ್ಬರೂ ಚರಂಡಿಗೆ ಬಿದ್ದೆವು. ಲಾರಿ ಕಿರುಚುತ್ತ ಅಡ್ಡಕ್ಕೆ ತಿರುಗಿ ನಿಂತಿತು.

"ಸಾಯೋಕೆ ನನ್ನ ಗಾಡಿನೇ ಬೇಕಿತ್ತಾ ಅಜ್ಜಿ?" ಲಾರಿಯವನು ಬೈದು ಹೋದ.

ಟೀಚರ್ ಕೆಸರು ಒರೆಸಿಕೊಳ್ಳಲಿಲ್ಲ. "ಬಾಗಿಲು?" ಎಂದರು.

"ಒಂದು ಮೂಲೆ ಮುರಿದಿದೆ."

"ಮೇಲಿನ ಮೂಲೆನಾ, ಕೆಳಗಿಂದಾ?"

"ಮೇಲಿಂದು."

"ಪರವಾಗಿಲ್ಲ. ಕೆಳಗಿಂದು ಮುರಿದಿದ್ರೆ ಅಳತೆ ಹೋಗ್ತಿತ್ತು." ಆಮೇಲೆ ನನ್ನ ಮುಖ ನೋಡಿದರು. ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದರು. "ಬಾವ್‌ಶಾನ್... ನೀನಾ ನನ್ನ ಕಾಲರ್ ಹಿಡಿದಿದ್ದು?"

"ಹೌದು ಟೀಚರ್."

"ಎರಡನೇ ಸಾಲು, ಕಿಟಕಿ ಪಕ್ಕ. ಲೆಕ್ಕ ಸರಿ ಮಾಡ್ತಿದ್ದೆ. ಆದ್ರೆ ಉತ್ತರದ ಮುಂದೆ ಯುನಿಟ್ ಬರೀತಿರಲಿಲ್ಲ."

ನಾನು ಅವರ ಮೊಣಕೈ ಹಿಡಿದು ಕಾರಿಗೆ ಹತ್ತಿಸಿದೆ. ಗೌರವದಿಂದಲೇ. ಈ ಕೆಲಸದಲ್ಲಿ ಅದಕ್ಕೂ ಅಭ್ಯಾಸವಿದೆ.

ಬಾಗಿಲನ್ನು ಕಾರಿನ ಮೇಲೆ ಕಟ್ಟಿದೆವು. ಸುಟ್ಟುಬಿಡಬೇಕಿತ್ತು. ಹೊಗೆ ಎದ್ದರೆ ಹೆದ್ದಾರಿಗೆ ಕಾಣುತ್ತದೆ ಎಂದು ಬಿಟ್ಟೆ.

ನನ್ನ ಕೆಲಸ ಏನು ಅಂದಿರಾ? ಕಾಗದದಲ್ಲಿ ನಾನು ಎಲ್ಲೂ ಇಲ್ಲ. ತಾಲೂಕಿನಲ್ಲಿ 'ಸ್ಥಿರತೆ ಕಚೇರಿ' ಎಂದೊಂದಿದೆ. ಮುಖ್ಯಸ್ಥರು ಪಾನ್ ಸಾಹೇಬರು. ಮೇಲಿನವರು ಬಂದಾಗ ಕೆಳಗಿನವರು ಬಾಯಿ ತೆರೆಯದಂತೆ ನೋಡಿಕೊಳ್ಳುವುದು ಆ ಕಚೇರಿಯ ಕೆಲಸ. ಹೊಡೆಯುವುದು ಕಡಿಮೆ. ದೂರು ಹೇಳುವವರನ್ನು 'ಪ್ರವಾಸ'ಕ್ಕೆ ಕರೆದೊಯ್ಯುತ್ತೇವೆ. ಬಿಸಿನೀರಿನ ಬುಗ್ಗೆ ತೋರಿಸುತ್ತೇವೆ, ಮೀನಿನ ಊಟ ಹಾಕಿಸುತ್ತೇವೆ, ಫೋಟೊ ತೆಗೆಯುತ್ತೇವೆ. ಮೇಲಿನವರು ವಾಪಸ್ಸಾದ ಮೇಲೆ ಮನೆಗೆ ಬಿಡುತ್ತೇವೆ. ಊರು ಶಾಂತವಾಗಿರುತ್ತದೆ.

ಆಗಸ್ಟ್ ಮೊದಲ ವಾರ ಮಳೆ ಹೊಯ್ದಿತ್ತು. ಮೇಲಿನ ಜಲಾಶಯ ತುಂಬಿತು. ಕೆಳಗೆ ಹೊಸ ಪಟ್ಟಣವಿದೆ. ಅಲ್ಲಿನ ಕಟ್ಟಡಗಳು ಮುಳುಗಬಾರದೆಂದು ನಸುಕಿನಲ್ಲಿ ಗೇಟು ಎತ್ತಿ ನೀರನ್ನು ಹಳೆಯ ಕಾಲುವೆಗೆ ತಿರುಗಿಸಿದರು. ಕಾಲುವೆಯ ದಡದಲ್ಲಿ ಟೀಚರ್ ಊರು. ಸೈರನ್ ಕೂಗಲಿಲ್ಲ. ವರದಿಯಲ್ಲಿ ಬರೆದಿದ್ದು: ನೀರಿನ ಮಟ್ಟ ಮಂಡಿಯವರೆಗೆ, ಸತ್ತವರು ಇಬ್ಬರು.

ಟೀಚರ್ ಗಂಡ ಲೂ ಮಾಸ್ತರು ಆ ಇಬ್ಬರಲ್ಲಿ ಇಲ್ಲ. ಸೈರನ್ ಕೂಗದ್ದಕ್ಕೆ ಅವರು ಮುಖ ತೊಳೆಯುವ ತಗಡಿನ ಬೋಗುಣಿ ಹಿಡಿದು ಬಡಿಯುತ್ತ, ಬೀದಿಯಲ್ಲಿ ಮನೆಮನೆ ಎಬ್ಬಿಸುತ್ತ ಹೋದರು. ಹೆಣ ಸಿಕ್ಕಿದ್ದು ಕೆಳಗಿನ ಸೇತುವೆಯ ಹತ್ತಿರ. ದಾಖಲೆಯಲ್ಲಿ ಹೃದಯಾಘಾತ.

ಟೀಚರ್ ಕೇಳಿದ್ದು ಒಂದೇ. ಹೃದಯಾಘಾತ ಅಳಿಸಿ, ನೀರು ಅಂತ ಬರೀರಿ.

"ಟೀಚರ್, ಇವತ್ತು ಶಿಕ್ಷಕರ ದಿನ ಅಲ್ವಾ?" ದಾಯ್ ಕನ್ನಡಿಯಲ್ಲಿ ಹಲ್ಲು ಕಿರಿದ. ನಮ್ಮ ದೇಶದಲ್ಲಿ ಅದು ಸೆಪ್ಟೆಂಬರ್ ಹತ್ತಕ್ಕೆ. "ಶುಭಾಶಯ! ಬಿಸಿನೀರಿನ ಸ್ನಾನ ನಮ್ಮ ಕಡೆಯಿಂದ."

"ಸ್ನಾನ ಸಾಕಪ್ಪ. ತಲೆ ಮುಳುಗೋವರೆಗೂ ಆಗಿದೆ," ಎಂದರು ಟೀಚರ್.

ದಾಯ್ ಬೀಜ ಅಗಿಯುವುದನ್ನು ನಿಲ್ಲಿಸಿದ.

ಸ್ವಲ್ಪ ದೂರ ಹೋದ ಮೇಲೆ ಅವರೇ ಶುರುಮಾಡಿದರು. ಅದೇ ತರಗತಿಯ ದನಿ.

"ಬಾವ್‌ಶಾನ್, ಒಂದು ಪ್ರಶ್ನೆ. ಸೈರನ್ ಯಾಕೆ ಕೂಗಲಿಲ್ಲ?"

"ಮೇಲಿನಿಂದ ಆದೇಶ ಬಂದಿರಲಿಲ್ಲ."

"ಗೇಟು ಎತ್ತೋಕೆ?"

"ಅದಕ್ಕೆ ಬಂದಿತ್ತು."

"ಒಂದೇ ಫೋನಿನಲ್ಲಿ ಎರಡೂ ಹೇಳಬಹುದಿತ್ತಲ್ಲ?"

"ಸೈರನ್ ಕೂಗಿದ್ರೆ ಅಪಾಯ ಇದೆ ಅಂತ ಒಪ್ಪಿಕೊಂಡ ಹಾಗೆ. ಒಪ್ಪಿಕೊಳ್ಳೋಕೆ ಬೇರೆ ಸಹಿ ಬೇಕು."

ಅವರು ತಲೆಯಾಡಿಸಿದರು. ಸರಿ ಉತ್ತರ ಬಂದಾಗ ಹಾಗೇ ಆಡಿಸುತ್ತಿದ್ದರು. ಅಂಥ ಉತ್ತರ ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದಿತ್ತು.

ಫೋನ್ ಬಡಿದುಕೊಂಡಿತು. ಪಾನ್ ಸಾಹೇಬರು.

"ಗೆಂಗ್! ಎಲ್ಲಿ ಸಾಯ್ತಿದೀಯಾ?"

"ಬಿಸಿನೀರಿನ ಬುಗ್ಗೆ ದಾರೀಲಿ, ಸಾಹೇಬ್ರೇ. ಟೀಚರ್ ಸಿಕ್ಕಿದ್ರು."

"ಗಾಡಿ ತಿರುಗಿಸು! ನೀನು ಅಂಟಿಸಿದ ಕಾಗದ ಎಲ್ಲ ಕಿತ್ತು ಹಾಕಿದ್ದಾರೆ. ಅವರು ಒಂದು ಗಂಟೆಗೆ ಬರ್ತಾರಂತೆ!"

"ಎಲ್ಲ ಮನೆಯವರೂ ಕಿತ್ತಿದ್ದಾರಾ?"

"ಎಲ್ಲ ಅಲ್ಲ... ಕೆಲವು. ಬಂದು ನೋಡು ಮಾರಾಯ, ಬಂದು ನೋಡು!"

ನೋಡಿದೆ. ಕಾರು ಬೀದಿಗೆ ತಿರುಗಿದ ಕ್ಷಣವೇ ಅರ್ಥವಾಯಿತು.

ನಮ್ಮ ಕಡೆ ಹೊಸ ವರ್ಷಕ್ಕೆ ಬಾಗಿಲಿಗೆ ಕೆಂಪು ಕಾಗದದ ಶುಭವಾಕ್ಯ ಅಂಟಿಸುತ್ತೇವೆ. ವರ್ಷವಿಡೀ ಅದು ಹಾಗೇ ಇರುತ್ತದೆ. ನೀರು ಬಂದಾಗ ಮುಳುಗಿದಷ್ಟು ಕಾಗದ ಬಣ್ಣ ಬಿಟ್ಟು ಬಿಳಿಚಿತು, ಮುಳುಗದ ಮೇಲುಭಾಗ ಕೆಂಪಾಗಿಯೇ ಉಳಿಯಿತು. ಪ್ರತಿ ಬಾಗಿಲ ಮೇಲೂ ನೀರಿನ ಮಟ್ಟ ಗೆರೆ ಎಳೆದಂತೆ! ಗೋಡೆಗಳಿಗೆ ಸುಣ್ಣ ಹೊಡೆಸಿದೆವು. ಬಾಗಿಲಿಗೆ ಏನು ಮಾಡುವುದು? ಉಪಾಯ ನನ್ನದೇ. ಹೊಸ ಕೆಂಪು ಕಾಗದ. 'ಪಾರ್ಟಿಯ ಋಣ ತೀರದು' ಎಂದು ದಪ್ಪಕ್ಷರದಲ್ಲಿ ಬರೆಸಿ, ಹಿಂದಿನ ದಿನ ಊರಿಗೂರೇ ಅಂಟಿಸಿದೆ. ಪಾನ್ ಸಾಹೇಬರು ಬೆನ್ನು ತಟ್ಟಿದ್ದರು.

ನಾನು ಮರೆತದ್ದು ಒಂದೇ. ಸಾವಾದ ಮನೆಯ ಬಾಗಿಲಿಗೆ ಕೆಂಪು ತಾಗಿಸುವಂತಿಲ್ಲ. ಹಳೆಯದಿದ್ದರೂ ಕೀಳುತ್ತಾರೆ. ಅಂಥ ಮನೆಗೆ ಹೊಸ ಕೆಂಪು ಅಂಟಿಸುವುದು ಸತ್ತವರ ಮುಖಕ್ಕೆ ಉಗಿದಂತೆ. ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಸಂಗತಿ! ಆದರೆ ನನ್ನ ತಲೆಯಲ್ಲಿ ಸತ್ತವರು ಇಬ್ಬರೇ ಇದ್ದರು. ವರದಿ ನಂಬಿಸಬೇಕಾಗಿದ್ದದ್ದು ಮೇಲಿನವರನ್ನು. ಅಂಟಿಸಿದ ನಾನೇ ನಂಬಿಬಿಟ್ಟಿದ್ದೆ.

ಈ ಊರಿನವರು ಸುಣ್ಣಕ್ಕೆ ತುಟಿ ಬಿಚ್ಚಿರಲಿಲ್ಲ. ಸುಳ್ಳು ವರದಿಗೆ ಹೆಬ್ಬೆಟ್ಟು ಒತ್ತಿದ್ದರು. ಕೆಂಪು ಕಾಗದ ಮಾತ್ರ ತಡೆದುಕೊಳ್ಳಲಾಗಲಿಲ್ಲ. ಯಾರಿಗೂ ಹೇಳದೆ, ಕೇಳದೆ, ಬೆಳಗಾಗುವ ಮೊದಲೇ ಕೆರೆದು ತೆಗೆದಿದ್ದರು.

ಕೆಂಪು ಬೀದಿಯ ನಡುವೆ ಬೋಳು ಬಾಗಿಲುಗಳು. ಹಲ್ಲು ಉದುರಿದ ಬಾಯಿಯ ಹಾಗೆ. ಎಣಿಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹದಿನೇಳು.

"ಮತ್ತೆ ಅಂಟಿಸು," ಎಂದರು ಪಾನ್ ಸಾಹೇಬರು. ಹೊಟ್ಟೆಯ ಮೇಲೆ ಕೈ ಒತ್ತಿ ಹಿಡಿದಿದ್ದರು. ಅವರಿಗೆ ಅಲ್ಸರ್. "ಅಂಟಿಸಿ, ಪ್ರತಿ ಬಾಗಿಲಿಗೂ ಒಬ್ಬನ್ನ ನಿಲ್ಲಿಸು."

"ಸಾಹೇಬ್ರೇ, ಇದು ಸೂತಕದ..."

"ನಂಗೆ ಗೊತ್ತಿಲ್ವೇನೋ? ನಮ್ಮನೇಲಿ ಯಾರೂ ಸತ್ತಿಲ್ವಾ? ನನ್ನ ಮೇಲೆ ಒಬ್ಬ ಕೂತಿದ್ದಾನೆ, ಅವನ ಮೇಲೆ ಇನ್ನೊಬ್ಬ. ತುತ್ತತುದೀಲಿ ಯಾರಿದ್ದಾನೋ ನಾನೂ ನೋಡಿಲ್ಲ. ಅಂಟಿಸು!"

ಮೈದಾಹಿಟ್ಟಿನ ಅಂಟಿನ ಬಕೆಟ್ ಹಿಡಿದು ಮೊದಲ ಬಾಗಿಲಿಗೆ ಹೋದೆ. ಕಾಂಗ್ ತಾತ ಅಡ್ಡ ನಿಂತಿದ್ದ. ಸೊಸೆಯನ್ನು ನೀರು ಕೊಂಡೊಯ್ದಿತ್ತು. ಕೈಯಲ್ಲಿ ಕಾಗದ ಕೆರೆದ ಮಚ್ಚು.

"ತಾತ, ಪಕ್ಕಕ್ಕೆ ಬಾ."

"ನೀನು ಬಾರೋ ಇಲ್ಲಿ, ಗೆಂಗ್ ಮನೆಯವನೇ! ನಿಮ್ಮಪ್ಪ ಸತ್ತಾಗ ಹೆಗಲು ಕೊಟ್ಟವನು ನಾನು. ಅವತ್ತು ನಿಮ್ಮನೆ ಬಾಗಿಲಿಗೆ ನಾನು ಕೆಂಪು ಹಚ್ಚಿದ್ನಾ?"

ಮಚ್ಚು ಬೀಸಿದ! ನಾನು ಬಗ್ಗಿದೆ. ಬಕೆಟ್ ಅಡ್ಡ ಹಿಡಿದೆ. ತಗಡು ಸೀಳಿ ಅಂಟು ನನ್ನ ಬೂಟಿನ ಮೇಲೆ ಸುರಿಯಿತು. ಮತ್ತೆ ಬೀಸಿದ. ಈ ಸಲ ತೋಳಿನ ಬಟ್ಟೆ ಹರಿಯಿತು. ಬಿಸಿಯಾಗಿ ಏನೋ ಇಳಿಯಿತು.

"ತಾತಾ..." ಪಾನ್ ಸಾಹೇಬರ ದನಿ ಬೆಣ್ಣೆಯಂತಿತ್ತು. "ಮಗ ಬಸ್ ಡಿಪೋದಲ್ಲಿ ಡ್ರೈವರ್ ಅಲ್ವಾ? ಒಳ್ಳೆ ಹುಡುಗ. ಇನ್ನೂ ಕಾಯಂ ಆಗಿಲ್ಲ ಅಂತ ಕೇಳ್ಪಟ್ಟೆ."

ಅಷ್ಟೇ. ಬೈಗುಳವಿಲ್ಲ, ಏಟಿಲ್ಲ.

ಮಚ್ಚು ನಿಧಾನವಾಗಿ ಕೆಳಗಿಳಿಯಿತು. ತಾತ ಬಾಗಿಲಿನಿಂದ ಸರಿದ. ಗೋಡೆಯ ಕಡೆ ಮುಖ ಮಾಡಿ ನಿಂತ. ನಾನು ಕುಂಚ ಎತ್ತಿದೆ.

ಎರಡನೇ ಮನೆಗೆ ತಾಲೂಕು ಶಾಲೆಯ ಸೀಟು. ಮೂರನೆಯದಕ್ಕೆ ಅಂಗಡಿಯ ಪರವಾನಗಿ. ನಾಲ್ಕನೆಯ ಮನೆಯವರು ನಾವು ಬಾಯಿ ತೆರೆಯುವ ಮೊದಲೇ ಸರಿದುಕೊಂಡರು. ಆಮೇಲೆ ಎಲ್ಲರೂ. ಈ ವ್ಯವಸ್ಥೆ ಟೊಳ್ಳು ಗೋಡೆ, ಇವತ್ತು ಬೀಳುತ್ತದೆ, ನಾಳೆ ಬೀಳುತ್ತದೆ ಎಂದು ಹೊರಗಿನವರು ಹೇಳುತ್ತಲೇ ಇರುತ್ತಾರೆ. ಅದು ಯಾಕೆ ಬೀಳುವುದಿಲ್ಲ ಎಂದು ಆ ದಿನ ನನ್ನ ಅಂಗೈಗೆ ಗೊತ್ತಾಯಿತು. ಅಂಗೈ ಅಂಟಂಟಾಗಿತ್ತು.

ಕೊನೆಯದು ಟೀಚರ್ ಮನೆ. ಒಂದೇ ಕದ ಇತ್ತು. ಇನ್ನೊಂದು ನಮ್ಮ ಕಾರಿನ ಮೇಲೆ.

ಟೀಚರ್ ಆ ಕದವನ್ನು ಹಿಂದಿನ ದಿನ ನಾವು ಅಂಟಿಸಲು ಬರುವ ಮೊದಲೇ ಕಳಚಿ ಜೋಳದ ದಂಟಿನೊಳಗೆ ಬಚ್ಚಿಟ್ಟಿದ್ದರು. ಒಂದೇ ಕದ ಇರುವುದನ್ನು ಕಂಡೂ ನಾನು ಯಾಕೆಂದು ಕೇಳಿರಲಿಲ್ಲ. ಬಚ್ಚಿಟ್ಟ ಆ ಕದದ ಮೇಲೆ ಹೊಸ ವರ್ಷದ ಹಳೆಯ ಕೆಂಪು ಹಾಗೇ ಇತ್ತು. ಗಂಡ ಸತ್ತರೂ ಕಿತ್ತಿರಲಿಲ್ಲ. ಸೂತಕದಲ್ಲಿ ಕೆಂಪು ಇಟ್ಟುಕೊಂಡಿದ್ದಾಳೆ, ನಾಚಿಕೆಗೆಟ್ಟವಳು ಎಂದು ಊರು ಆಡಿಕೊಂಡಿತ್ತಂತೆ. ಅವರಿಗೆ ಬೇಕಿದ್ದದ್ದು ಆ ಕೆಂಪು ಎಲ್ಲಿ ನಿಲ್ಲುತ್ತದೋ ಆ ಅಂಚು.

"ಒಂದೇ ಕದ ಇದ್ರೆ ಯಾಕೆ ಅಂತ ಕೇಳ್ತಾರೆ. ಇದನ್ನೂ ನೇತುಹಾಕಿ ಅಂಟಿಸು," ಎಂದರು ಪಾನ್ ಸಾಹೇಬರು.

ನಾನು, ದಾಯ್ ಇಬ್ಬರೂ ಎತ್ತಿ ಕೂರಿಸಿದೆವು. ಕಾರಿನಿಂದ ಟೀಚರ್ ಕೂಗಿದರು.

"ನೀವು ಏನೇ ಅಂಟಿಸಿ! ಅವರು ಬಂದಾಗ ನಾನು ಬಾಯಿಬಿಟ್ಟು ಹೇಳ್ತೀನಿ! ಪಿಂಚಣಿ ನಿಲ್ಲಿಸ್ತೀರಾ? ನಿಲ್ಲಿಸಿ! ನನ್ನ ಹತ್ರ ಇನ್ನೇನಿದೆ ಕಿತ್ಕೊಳ್ಳೋಕೆ?"

ಹನ್ನೆರಡೂ ಮುಕ್ಕಾಲು. ಹೊರಗೆ ಕರೆದೊಯ್ಯಲು ಇರುವುದು ಒಂದೇ ದಾರಿ, ಆ ದಾರಿಯಲ್ಲೇ ಅವರು ಬರುತ್ತಿದ್ದರು. ಪಾನ್ ಸಾಹೇಬರು ನನ್ನ ಕಡೆ ತಿರುಗಿದರು.

"ಮಗಳಿದ್ದಾಳಲ್ಲ. ನರ್ಸ್. ನಂಬರ್ ಇದೆಯಾ?"

ಇತ್ತು. ಲೂ ಮಾಸ್ತರು ತೀರಿಕೊಂಡಾಗ ನಾನು ಒಂದು ಬುಟ್ಟಿ ಮೊಟ್ಟೆ ಹಿಡಿದು ಮಾತನಾಡಿಸಲು ಹೋಗಿದ್ದೆ. ಅಳುತ್ತಿದ್ದ ಆ ಹುಡುಗಿ ತಾನಾಗಿಯೇ ಕೊಟ್ಟಿದ್ದಳು. 'ಅಮ್ಮ ಒಬ್ಬಳೇ ಇರ್ತಾಳೆ ಗೆಂಗಣ್ಣ. ಏನಾದ್ರೂ ಆದ್ರೆ ನಂಗೆ ಫೋನ್ ಮಾಡಿ.'

ಇಲ್ಲ ಎನ್ನಬಹುದಿತ್ತು. ಫೋನ್ ಕಳೆದುಹೋಯಿತು ಎನ್ನಬಹುದಿತ್ತು. ಸುಳ್ಳು ಹೇಳಿಯೇ ಬದುಕುವವನು ನಾನು! ಆ ಒಂದು ಸುಳ್ಳು ಮಾತ್ರ ನಾಲಗೆಗೆ ಬರಲಿಲ್ಲ.

"ಇದೆ ಸಾಹೇಬ್ರೇ," ಎಂದೆ.

ಪಾನ್ ಸಾಹೇಬರು ಮೊದಲು ಆಸ್ಪತ್ರೆಯ ಆಫೀಸಿಗೆ, ಆಮೇಲೆ ಆ ನಂಬರಿಗೆ ಫೋನ್ ಮಾಡಿ ಕಾರಿನೊಳಗೆ ಚಾಚಿದರು. ಸ್ಪೀಕರ್ ಹಾಕಿದ್ದರು. ಆ ಕಡೆ ಮಗಳು.

"ಅಮ್ಮಾ... ಆಸ್ಪತ್ರೆ ಆಫೀಸಿನವರು ಪಕ್ಕದಲ್ಲೇ ನಿಂತಿದ್ದಾರೆ. ಹೆರಿಗೆ ರಜೆ ಬೇಡ, ಪೂರ್ತಿ ರಜೆ ತಗೊ ಅಂತಿದ್ದಾರೆ. ಸುಮ್ನಿರಮ್ಮ. ಅಪ್ಪ ಹೋಗಾಯ್ತು. ಸುಮ್ನಿರು."

ಟೀಚರ್ ಫೋನನ್ನೇ ನೋಡುತ್ತ ಕುಳಿತರು.

"ಊಟ ಮಾಡಿದ್ಯಾ?" ಎಂದು ಕೇಳಿದರು ಮಗಳನ್ನು.

ಆಮೇಲೆ ಕಾರಿನ ಗಾಜು ತಾವೇ ಏರಿಸಿಕೊಂಡರು.

ಒಂದು ಗಂಟೆ ಹತ್ತು ನಿಮಿಷಕ್ಕೆ ಮೂರು ಬಿಳಿ ಕಾರುಗಳು ಬಂದವು. ನಾನು ಹುಲ್ಲಿನ ಟೋಪಿ ಹಾಕಿ, ಪ್ಯಾಂಟು ಮಡಚಿ, ಟೀಚರ್ ಬಾಗಿಲ ಮುಂದೆ ಊರವನಾಗಿ ನಿಂತಿದ್ದೆ. ತಂಡದ ಮುಖ್ಯಸ್ಥರು ಎತ್ತರದ ಮನುಷ್ಯ. ಹೊಸ ರಬ್ಬರ್ ಬೂಟು. ಬೀದಿಯುದ್ದಕ್ಕೂ ಕೆಂಪು ನೋಡುತ್ತ ಬಂದು ನನ್ನ ಮುಂದೆ ನಿಂತರು.

"ಏನಪ್ಪ, ನೀರು ಎಷ್ಟು ಬಂದಿತ್ತು?"

"ಮಂಡಿವರೆಗೆ, ಸಾಹೇಬ್ರೇ."

"ಮನೇಲಿ ಎಲ್ಲ ಕ್ಷೇಮವಾ?"

"ಕ್ಷೇಮ. ಪಾರ್ಟಿ ದಯೆ."

ಅವರು ಬಾಗಿಲಿನ ಮೇಲೆ ಕೈಯಿಟ್ಟರು. ಕಾಗದ ಇನ್ನೂ ಹಸಿ. ಅಗ್ಗದ ಬಣ್ಣ.

ಕೈ ತೆಗೆದಾಗ ಐದೂ ಬೆರಳು ಕೆಂಪು.

ಅವರು ಬೆರಳು ನೋಡಿದರು. ಬಾಗಿಲಿನ ಮೇಲ್ತುದಿ ನೋಡಿದರು. ನನ್ನ ಬೂಟಿನ ಮೇಲೆ ಒಣಗುತ್ತಿದ್ದ ಅಂಟು ನೋಡಿದರು. ಕೊನೆಗೆ ನನ್ನ ಕಣ್ಣು ನೋಡಿದರು. ಅವರಿಗೆ ಗೊತ್ತಾಯಿತು. ಅವರಿಗೆ ಗೊತ್ತಾದದ್ದು ನನಗೆ ಗೊತ್ತಾಯಿತು. ನಾಚಿಕೆ ಹೊತ್ತ ಇನ್ನೊಂದು ಮುಖವನ್ನು ಅಷ್ಟು ಹತ್ತಿರದಿಂದ ನಾನು ಯಾವತ್ತೂ ಕಂಡಿರಲಿಲ್ಲ.

ಕೇಳಿ ಸಾಹೇಬ್ರೇ... ಇನ್ನೊಂದು ಸಲ ಕೇಳಿ. ಇನ್ನೊಂದು ಸಲ ಕೇಳಿದರೆ ಹೇಳಿಬಿಡುತ್ತೇನೆ!

ಸಹಾಯಕ ಟಿಶ್ಯೂ ಕೊಟ್ಟ. ಅವರು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. ಟಿಶ್ಯೂವನ್ನು ಮಡಚಿ ತಮ್ಮ ಜೇಬಿಗೇ ಹಾಕಿಕೊಂಡರು.

"ಈ ಸಲ ಜೋಳದ ಫಸಲು ಹೇಗಿದೆ?" ಎಂದರು.

"ಚೆನ್ನಾಗಿದೆ ಸಾಹೇಬ್ರೇ."

ಎರಡು ಗಂಟೆಯೊಳಗೆ ಎಲ್ಲ ಮುಗಿಯಿತು. ಪಾನ್ ಸಾಹೇಬರು ನನ್ನ ತೋಳಿನ ಗಾಯ ನೋಡಿ, "ಇಂಜೆಕ್ಷನ್ ಹಾಕಿಸ್ಕೋ," ಎಂದು ಹೇಳಿ ಬಿಳಿ ಕಾರುಗಳ ಹಿಂದೆ ಹೋದರು. ದಾಯ್ ಊಟಕ್ಕೆ ಹೋದ.

ಕಾರಿನ ಬಾಗಿಲು ತೆರೆದೆ. ಟೀಚರ್ ಇಳಿದು ಮನೆಯ ಕಡೆ ನಡೆದರು. ಒದ್ದೆ ಬಟ್ಟೆ ತಂದರು. ನಾನು ಅಂಟಿಸಿದ ಕಾಗದವನ್ನು ಒಂದು ಮೂಲೆಯಿಂದ ಬಿಡಿಸತೊಡಗಿದರು. ಕೆಳಗಿದ್ದ ಹಳೆಯ ಕೆಂಪೂ ಅದರ ಜೊತೆಯೇ ಹರಿದು ಬಂತು. ಅವರ ಕೈ ಒಂದು ಕ್ಷಣ ನಿಂತಿತು. ಆದರೆ ಮರದ ನಾರಿನೊಳಗೆ ಕೆಸರು ಇಳಿದಿತ್ತು. ಗೆರೆ ಅಲ್ಲೇ ಇತ್ತು.

"ಅವರಿಗೆ ಏನಂದೆ?"

"ಮಂಡಿವರೆಗೆ ಅಂದೆ."

"ಯಾರ ಮಂಡಿ?"

ನಾನು ಬೂಟಿನ ಮೇಲಿನ ಅಂಟು ಕೆರೆದೆ.

"ಅದು ಉತ್ತರ ಅಲ್ಲ ಬಾವ್‌ಶಾನ್. ಯುನಿಟ್ ಇಲ್ಲ." ಜೇಬಿನಿಂದ ಉಕ್ಕಿನ ಟೇಪು ತೆಗೆದು ನನ್ನ ಕೈಗಿಟ್ಟರು. "ಕದ ಮೊದಲಿದ್ದಲ್ಲೇ ಕೂರಿಸಿದ್ದೀಯ. ಅದೊಂದು ಉಪಕಾರ ಮಾಡ್ದೆ. ಅಳೆ."

"ಟೀಚರ್, ಇನ್ನು ಅಳೆದು ಏನು..."

"ಅಳೆ ಅಂದೆ."

ಸ್ಟೂಲ್ ಹತ್ತಿದೆ. ನಾನೇನು ಕುಳ್ಳನಲ್ಲ. ಆದರೂ ಸ್ಟೂಲ್ ಬೇಕಾಯಿತು! ಕೆಳಗೆ ಟೀಚರ್ ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದಿದ್ದರು.

"ಕಣ್ಣು ಗೆರೆ ಮಟ್ಟಕ್ಕೆ ತಗೊ. ಓರೆಯಾಗಿ ನೋಡಿದ್ರೆ ತಪ್ಪು ಬರುತ್ತೆ. ಹೂಂ. ಈಗ ಗಟ್ಟಿಯಾಗಿ ಓದು."

ಓದಿದೆ. ಹತ್ತು ವರ್ಷದಿಂದ ಜನರನ್ನು ನಡುಗಿಸಿದ ಗಂಟಲು. ಗಾಳಿ ಮಾತ್ರ ಬಂತು.

"ಕೇಳಿಸಲಿಲ್ಲ," ಎಂದರು ಟೀಚರ್.

ಬೀದಿಯಲ್ಲಿ ಕಾಂಗ್ ತಾತನ ಹೊರತು ಯಾರೂ ಇರಲಿಲ್ಲ. ಎದುರುಮನೆಯ ಕದ ಒಂದು ಬೆರಳಷ್ಟು ತೆರೆಯಿತು. ಅದರಾಚೆಯದು. ಇನ್ನೊಂದು. ಕಾಂಗ್ ತಾತ ಗೋಡೆಯಿಂದ ಈ ಕಡೆ ಮುಖ ತಿರುಗಿಸಿದ.

ಮತ್ತೆ ಓದಿದೆ.

ಎರಡು ಮೀಟರ್ ಮೂವತ್ತೇಳು ಸೆಂಟಿಮೀಟರ್.